ಗಂಟೆಗೊಂದು ಹಾಡು

ಹುಣಸೆಹಣ್ಣಿನ ಮೇಲೆ ನನಗೆ ಸಿಟ್ಟಿಲ್ಲ. ಹುಣಸೆಹಣ್ಣಿನ ಮೇಲೆ ತಪ್ಪು ಹೊರಿಸಿದವರ ಮೇಲೆ ಸಿಟ್ಟು. ಅವರಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ, ಇರುವವರಿಗೆ ಆ ಸಂಗತಿ ನೆನಪಿಲ್ಲ. ಆದರೂ ನನ್ನ ಸಿಟ್ಟು ಹೋಗಿಲ್ಲ. ಒಲೆ ಆರಿದ ಮೇಲೂ ಬೂದಿಯೊಳಗೆ ಕೆಂಡ ಇಟ್ಟುಕೊಳ್ಳುವ ಜಾತಿ ಇದು ಎಂದು ಅವ್ವ ನನ್ನನ್ನು ಬೈಯುತ್ತಿದ್ದಳು. ಬೈದರೂ ಸುಳ್ಳು ಬೈದಿರಲಿಲ್ಲ.

ಎಪ್ಪತ್ತರ ದಶಕ ನಡು ದಾಟಿದ ಕಾಲ. ಕಾಲುವೆ ನೀರು ಬಂದು ಗಂಗಾವತಿಯ ಸುತ್ತ ಭತ್ತದ ಗದ್ದೆಗಳಾಗಿದ್ದವು, ಭತ್ತದಿಂದ ಗಿರಣಿಗಳಾಗಿದ್ದವು, ಗಿರಣಿಗಳಿಂದ ಸಾಹುಕಾರರಾಗಿದ್ದರು. ಅಂಥ ಒಬ್ಬ ಸಾಹುಕಾರರ ಗಿರಣಿಯಲ್ಲಿ ನಮ್ಮಪ್ಪ ಅಕ್ಕಿ ಚೀಲ ಹೊರುತ್ತಿದ್ದ. ನಾವು ನವಲಿಯ ಕಡೆಯವರು. ಅಜ್ಜಿಯನ್ನು ಅಲ್ಲೇ ಬಿಟ್ಟು, ಅಪ್ಪ, ಅವ್ವ, ಅಕ್ಕ, ನಾನು ಗಂಗಾವತಿಯ ಹಳೇ ಊರಿನ ಒಂದು ಓಣಿಯಲ್ಲಿ ಮನೆ ಮಾಡಿಕೊಂಡಿದ್ದೆವು. ಅಕ್ಕನಿಗೆ ಹದಿಮೂರು ವರ್ಷ, ನನಗೆ ಹತ್ತು.

ಸಾಹುಕಾರರು ಹೊಸ ಬಂಗಲೆ ಕಟ್ಟಿಸಿ ಹೋದ ಮೇಲೆ ಅವರ ಹಳೇ ವಾಡೆ ನಮ್ಮ ಓಣಿಯ ತುದಿಯಲ್ಲಿ ಬೀಗ ಹಾಕಿಕೊಂಡು ನಿಂತಿತ್ತು. ಒಂದು ವರ್ಷ ಅವರು ಗಿರಣಿಯ ಸಾಮಾನು ತರಲು ಹೈದರಾಬಾದಿಗೆ ಹೋಗಿ ಬಂದರು. ಬಂದವರೇ ವಾಡೆಯ ಬೀಗ ತೆಗೆಸಿ, ಪಡಸಾಲೆಗೆ ಸುಣ್ಣ ಹೊಡೆಸಿ, ಮನೆತನದ ಹಳೇ ಸಾಮಾನನ್ನೆಲ್ಲ ಅಲ್ಲಿ ಜೋಡಿಸಿ, ಬಾಗಿಲಿಗೆ ವಸ್ತು ಸಂಗ್ರಹಾಲಯ ಎಂದು ಹಲಗೆ ಬರೆಸಿದರು. ನಿಜಾಮರ ಕಾಲ ಕಂಡ ಮುದುಕರು ಓಣಿಯಲ್ಲಿ ಇನ್ನೂ ಇದ್ದರಲ್ಲ, ಅವರ ಬಾಯಲ್ಲಿ ಅದು ಅಜಬಖಾನೆಯಾಯಿತು. ಎಲ್ಲರೂ ಹಾಗೇ ಕರೆದರು.

ಏನಿತ್ತು ಅಲ್ಲಿ? ಒಂದು ಕಣ್ಣು ಬಿದ್ದುಹೋದ, ಹೊಟ್ಟೆಗೆ ಹುಲ್ಲು ತುಂಬಿದ ಹುಲಿ. ತುಕ್ಕು ಹಿಡಿದ ಎರಡು ಕತ್ತಿ. ಸಾಹುಕಾರರ ಮುತ್ತಜ್ಜ ಕೂತು ಹೋಗುತ್ತಿದ್ದ ಮೇಣೆ. ಅಜ್ಜಿಯ ಜರಿ ಸೀರೆ, ಅಜ್ಜನ ರುಮಾಲು, ಎಲೆಯಡಿಕೆ ತಟ್ಟೆ, ಇಬ್ಬರು ಕೂತು ಬೀಸುವ ಬೀಸುಕಲ್ಲು. ಎಲ್ಲಕ್ಕಿಂತ ಚಂದ ಇದ್ದದ್ದು ಕಿನ್ನಾಳದ ಚಿತ್ರಗಾರರು ಬಣ್ಣ ಬರೆದ ಒಂದು ತೊಟ್ಟಿಲು. ಅದರೊಳಗೆ ಹಳೇ ರೇಷ್ಮೆ ಕೌದಿ ಹಾಸಿತ್ತು, ಮನೆತನದ ಮೂರು ತಲೆಮಾರು ಅದರಲ್ಲೇ ಮಲಗಿ ಎದ್ದಿತ್ತಂತೆ. ಮುತ್ತಜ್ಜನ ಸಾಮಾನಿನಲ್ಲಿ ಅಲ್ಲಿಲ್ಲದ್ದು ಅವನು ಹಲ್ಲುಜ್ಜಿ ಬಿಸಾಡಿದ ಬೇವಿನಕಡ್ಡಿ ಒಂದೇ.

ಹೈದರಾಬಾದಿನಲ್ಲಿ ಸಾಹುಕಾರರು ಒಂದು ಗಡಿಯಾರ ನೋಡಿ ಬಂದಿದ್ದರು. ಗಂಟೆಗೊಮ್ಮೆ ಅದರೊಳಗಿಂದ ಒಂದು ಗೊಂಬೆ ಹೊರಬಂದು ಗಂಟೆ ಬಾರಿಸುತ್ತದೆ, ಅದನ್ನು ನೋಡಲೆಂದೇ ಮಂದಿ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಮುಂಚೆಯೇ ಬಂದು ಕೂತಿರುತ್ತಾರೆ ಎಂದು ಬೆರಗಿನಿಂದ ಹೇಳುತ್ತಿದ್ದರು. ಅಂಥ ಗಡಿಯಾರ ಇಲ್ಲಿಗೆ ಎಲ್ಲಿಂದ ತರಬೇಕು? ಒಂದು ದಿನ ಗಿರಣಿಯಲ್ಲಿ ಎಲ್ಲರೆದುರು ತೊಡೆ ತಟ್ಟಿ ಅಂದರಂತೆ, "ಗಡಿಯಾರ ಯಾಕ ಬೇಕಲೇ? ನಮ್ಮ ಓಣಿಯಾಗ ಹುಡುಗ್ರು ಇಲ್ಲೇನು?"

ಹೀಗೆ ನಾವು ಗಡಿಯಾರದ ಗೊಂಬೆಗಳಾದೆವು.

ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿ ಬಂದಿದ್ದ ಪೇಟಿ ಮಾಸ್ತರರೊಬ್ಬರು ಊರಲ್ಲಿದ್ದರು. ಅವರನ್ನು ಕರೆಸಿ, ಓಣಿಯ ಐದಾರು ಹುಡುಗ ಹುಡುಗಿಯರನ್ನು ಕೂಡಿಸಿ, ಸಾಹುಕಾರರು ಹಾಡು ಕಲಿಸಲು ಹಚ್ಚಿದರು. ಪಡಸಾಲೆಯ ಒಂದು ತುದಿಗೆ ಕೆಂಪು ಪರದೆ ಕಟ್ಟಿದರು. ತೊಟ್ಟಿಲು, ಬೀಸುಕಲ್ಲು ಎರಡೂ ಆ ಪರದೆಯ ಹಿಂದೆ. ಪ್ರತಿ ರವಿವಾರ ಬೆಳಗ್ಗೆಯಿಂದ ಸಂಜೆಯವರೆಗೆ, ಗಂಟೆಗೊಮ್ಮೆ ಹಿತ್ತಾಳೆ ತಟ್ಟೆಗೆ ಬಡಿಯುವುದು, ಪರದೆ ಸರಿಯುವುದು, ನಾವು ಹಾಡುವುದು. ಬೀಸುಕಲ್ಲಿನ ಹತ್ತಿರ ಇಬ್ಬರು ಕೂತು ಬೀಸುವ ಪದ ಹಾಡಬೇಕು. ಆಮೇಲೆ ಅಕ್ಕ ತೊಟ್ಟಿಲ ಮೇಲೆ ಬಾಗಿ, ಒಳಗೆ ಕೂಸು ಇದೆಯೇನೋ ಅನ್ನುವ ಹಾಗೆ ತೂಗುತ್ತ ಜೋಗುಳ ಹಾಡಬೇಕು. ನಾನು ಪೇಟಿಯ ಪಕ್ಕದಲ್ಲಿ ನಿಂತು ತಾಳ ಹಾಕುತ್ತಿದ್ದೆ. ಹಾಡು ಮುಗಿದರೆ ಪರದೆ, ಮತ್ತೆ ಮುಂದಿನ ಗಂಟೆಯವರೆಗೆ ಅದರ ಹಿಂದೆ ಸುಮ್ಮನೆ ಕೂರುವುದು. ಗೊಂಬೆ ಗಡಿಯಾರದಿಂದ ಇಳಿದು ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದರೆ ಯಾರು ನೋಡಲು ಬರುತ್ತಾರೆ ಅನ್ನುವುದು ಸಾಹುಕಾರರ ವಾದ.

ಮಂದಿಯಂತೂ ಬಂದರು. ಕೊಪ್ಪಳದಿಂದ, ಯಲಬುರ್ಗಾದಿಂದ ಬಂಡಿ ಬಸ್ಸು ಹಿಡಿದು ಮಕ್ಕಳೊಂದಿಗೆ ಬಂದರು, ಗದ್ದೆ ಮಾಡಲು ಬಂದು ಕ್ಯಾಂಪುಗಳಲ್ಲಿ ನೆಲೆಸಿದ್ದ ತೆಲುಗಿನವರು ಬಂದರು, ಸಾಲಿ ಮಾಸ್ತರರು ಹುಡುಗರನ್ನು ಸಾಲು ಹಿಡಿಸಿ ಕರೆತಂದರು. ಹುಲಿ ನೋಡಿ ಅಳುತ್ತಿದ್ದ ಕೂಸುಗಳು ಅಕ್ಕ ಬಾಯಿ ತೆರೆದರೆ ಅಳು ಮರೆಯುತ್ತಿದ್ದವು. ಹೊಗಳಬೇಕೆಂದು ಹೊಗಳುತ್ತಿಲ್ಲ, ಅವಳ ದನಿ ಅಂಥದ್ದು. ಕಸ ಹೊಡೆಯುವಾಗಲೂ ಹಾಡುತ್ತಿದ್ದಳು, ಬೈಸಿಕೊಂಡಾಗ ಬೈದವರ ಮಾತಿಗೇ ರಾಗ ಹಚ್ಚಿ ಅವರನ್ನು ನಗಿಸಿಬಿಡುತ್ತಿದ್ದಳು. ಅಪ್ಪ ಎಂದೂ ನಗದ ಮನುಷ್ಯ, ಅವನೂ ನಗುತ್ತಿದ್ದ.

ಆದರೆ ಅಕ್ಕನ ಹಣೆಬರಹ ಅವಳು ಹುಟ್ಟಿದ ದಿನವೇ ಗೊತ್ತಾಗಿತ್ತು. ನಮ್ಮಲ್ಲಿ ಮೊದಲ ಹೆಣ್ಣು ತಾಯಿಯ ತಮ್ಮನಿಗೆ. ಅವ್ವನ ತಮ್ಮ ತಾವರಗೇರಾದಲ್ಲಿದ್ದ, ಅಕ್ಕನ ಎರಡು ಪಟ್ಟಿಗಿಂತ ಹೆಚ್ಚು ವಯಸ್ಸು, ಮೊದಲ ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡಿದ್ದಳು. ಕೆಟ್ಟವನೇನಲ್ಲ. ಬಂದಾಗಲೆಲ್ಲ ನಮಗೆ ಖಾರಾ ಚುರಮುರಿ ತರುತ್ತಿದ್ದ, ಅಕ್ಕನ ಕಡೆ ನೋಡಲು ನಾಚುತ್ತಿದ್ದ. ಅಕ್ಕ ಮಾತ್ರ ಅವನು ಬಂದನೆಂದರೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಳು.

ಈ ಹಣೆಬರಹಕ್ಕೆ ಒಂದೇ ಒಂದು ಕಿಟಕಿ ತೆರೆದದ್ದು ಅಜಬಖಾನೆಯಿಂದ. ಸಾಹುಕಾರರ ತಂಗಿಯನ್ನು ಧಾರವಾಡಕ್ಕೆ ಕೊಟ್ಟಿತ್ತು, ಅವರ ಮನೆಯ ಹತ್ತಿರವೇ ದೊಡ್ಡ ಗವಾಯಿಯೊಬ್ಬರು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ದಸರೆಗೆ ಅವರನ್ನು ಕರೆಸುತ್ತೇನೆ, ಅವರು ಕೇಳಿ ಹೂಂ ಅಂದರೆ ಹುಡುಗಿ ನನ್ನ ತಂಗಿಯ ಮನೆಯಲ್ಲಿದ್ದು ಸಾಲಿಗೂ ಹೋಗಲಿ, ಹಾಡಲೂ ಕಲಿಯಲಿ ಎಂದರು ಸಾಹುಕಾರರು. ಅಪ್ಪ ಅವರೆದುರು ಇಲ್ಲ ಅನ್ನುವ ಹಾಗಿರಲಿಲ್ಲ. "ಗವಾಯಿಗಳು ಹೂಂ ಅಂದ್ರ ಮದುವಿ ಮಾತು ಎತ್ತೂದಿಲ್ರಿ," ಅಂದು ಬಂದ. ಅವ್ವ ನಾಕು ದಿನ ಮುಖ ಊದಿಸಿಕೊಂಡಳು. ತಮ್ಮನಿಗೆ ಏನು ಹೇಳಲಿ ಅನ್ನುವುದು ಅವಳ ಚಿಂತೆ.

ಅಕ್ಕನಿಗೆ ಅಂದಿನಿಂದ ಧಾರವಾಡದ್ದೇ ಧ್ಯಾನ. ಅಲ್ಲಿ ಮಳೆ ಬಹಳವಂತೆ, ಅಲ್ಲಿ ಪೇಢೆ ಸಿಗುತ್ತದಂತೆ. ತನ್ನ ಒಂದೇ ಒಂದು ಒಳ್ಳೆಯ ಲಂಗವನ್ನು ಹಾಕಿಕೊಳ್ಳದೆ ಮಡಿಚಿ ಇಟ್ಟಳು. "ನಾ ಹೋದ ಮ್ಯಾಲ ನಿನ್ನೂ ಕರಸ್ಕೊಂತೀನಿ, ಅಳಬ್ಯಾಡ," ಎಂದು ನಾನು ಅಳದಿದ್ದಾಗಲೂ ನನಗೆ ಸಮಾಧಾನ ಹೇಳುತ್ತಿದ್ದಳು.

ಇನ್ನು ಒಂದು ಪುಡಿಯ ಮಾತು. ಹಳೇ ಕಟ್ಟಿಗೆ ಇದ್ದಲ್ಲಿ ನುಸಿ, ಹಳೇ ಬಟ್ಟೆ ಇದ್ದಲ್ಲಿ ಹುಳ. ಸಾಹುಕಾರರಿಗೆ ಗಿರಣಿಯ ಜೊತೆ ಗೊಬ್ಬರ, ಕ್ರಿಮಿನಾಶಕದ ಅಂಗಡಿಯೂ ಇತ್ತು. ಭತ್ತದ ಗದ್ದೆಗೆ ಹೊಡೆಯುವ ಬಿಎಚ್‌ಸಿ ಪುಡಿಯ ಚೀಲ ಅಲ್ಲಿಂದ ಅಜಬಖಾನೆಗೆ ಬರುತ್ತಿತ್ತು. ಶನಿವಾರ ಸಂಜೆ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಎಲ್ಲ ಸಾಮಾನಿನ ಮೇಲೂ ಅದನ್ನು ತಟ್ಟುತ್ತಿದ್ದರು. ಹುಲಿಯ ಮೈಗೆ, ಮೇಣೆಗೆ, ಸೀರೆಯ ಮಡಿಕೆಗೆ. ರೇಷ್ಮೆ ಕೌದಿಗೆ ಹುಳ ಬೇಗ ಹತ್ತುತ್ತದೆಂದು ತೊಟ್ಟಿಲಿಗೆ ಎಲ್ಲಕ್ಕಿಂತ ಹೆಚ್ಚು. ಬಿಸಿಲಿಗೆ ಬಣ್ಣ ಹಾರುತ್ತದೆ, ಗುಬ್ಬಿ ಬಂದು ಗಲೀಜು ಮಾಡುತ್ತವೆ ಎಂದು ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ರವಿವಾರ ಬೆಳಗ್ಗೆ ಬಾಗಿಲು ತೆಗೆದರೆ ಮೂಗಿಗೆ ಬಡಿಯುವ ಮುಗ್ಗಲು ವಾಸನೆ. ನೆಲದ ಮೇಲೆ ಜಿರಳೆ, ಹಲ್ಲಿ ಅಂಗಾತ ಬಿದ್ದು ಸತ್ತಿರುತ್ತಿದ್ದವು. ಒಂದು ಸಲ ಸಂದಿಯಿಂದ ನುಗ್ಗಿದ ಗುಬ್ಬಿಯೂ ಸತ್ತಿತ್ತು. ಅವನ್ನೆಲ್ಲ ಗುಡಿಸಿ ಹೊರಗೆ ಚೆಲ್ಲಿ, ಅದೇ ನೆಲದ ಮೇಲೆ ಕೂತು ನಾವು ಸಾ ಸ್ವರ ಹಿಡಿಯುತ್ತಿದ್ದೆವು.

ಆ ಪುಡಿಯೆಂದರೆ ಯಾರಿಗೂ ಹೆದರಿಕೆ ಇರಲಿಲ್ಲ. ಸಾಹುಕಾರರ ಹೆಂಡತಿ ಅವ್ವನಿಗೆ ಒಂದು ಬೊಗಸೆ ಕೊಟ್ಟಿದ್ದರು. ಅವ್ವ ಅದನ್ನು ಹೇನಿಗೆಂದು ನಮ್ಮಿಬ್ಬರ ತಲೆಗೆ ಹಚ್ಚಿ, ಮೇಲೆ ಅರಿವೆ ಬಿಗಿದು ಮಲಗಿಸುತ್ತಿದ್ದಳು. ಬೆಳಗ್ಗೆ ಹೇನು ಸತ್ತು ಉದುರಿದ್ದು ನೋಡಿ ಅವಳಿಗೆ ಎಷ್ಟು ಸಂತೋಷ! "ಪುಣ್ಯಾತಗಿತ್ತಿ, ಕೇಳಿದಕೂಡ್ಲೇ ಕೊಟ್ಲು," ಎಂದು ಓಣಿಯೆಲ್ಲ ಹೇಳಿಕೊಂಡು ಬಂದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಅಕ್ಕ ಕೆಮ್ಮತೊಡಗಿದಳು. ಮೊದಮೊದಲು ರವಿವಾರ ಸಂಜೆ ಮಾತ್ರ. ಆಮೇಲೆ ಸೋಮವಾರವೂ, ಮಂಗಳವಾರವೂ. ದನಿ ಮೇಲಕ್ಕೆ ಹೋದಾಗ ಒಡೆಯುತ್ತಿತ್ತು, ಹರಿದ ಅರಿವೆಯ ಹಾಗೆ ಅಂಚು ಬಿಚ್ಚಿಕೊಳ್ಳುತ್ತಿತ್ತು.

ಪೇಟಿ ಮಾಸ್ತರರಿಗೆ ಕಾರಣ ಹುಡುಕಲು ಒಂದು ನಿಮಿಷವೂ ಬೇಕಾಗಲಿಲ್ಲ. ಹಾಡುವವರ ಶತ್ರು ಹುಳಿ, ಹುಳಿಯಲ್ಲಿ ಹುಣಸೆ, ಹುಣಸೆ ತಿನ್ನುವವರು ಹುಡುಗಿಯರು. ನಾಟಕ ಕಂಪನಿಯಲ್ಲಿ ಕಲಿತ ಒಂದು ಪರೀಕ್ಷೆ ಅವರ ಹತ್ತಿರ ಇತ್ತು. ಹಾಡುವ ಮೊದಲು ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಗಟ್ಟಿ ಹುರಿದ ಕಡಲೆ ಕೊಡುತ್ತಿದ್ದರು. ಹುಳಿ ತಿಂದವರ ಹಲ್ಲು ಜುಮ್ಮೆನ್ನುತ್ತವೆ, ಕಡಲೆ ಕಡಿಯಲು ಆಗುವುದಿಲ್ಲ. ಕಡಿಯಲಾರದವರಿಗೆ ಬೆತ್ತ. ಅಕ್ಕ ಪ್ರತಿ ಸಲವೂ ಕಟುಂ ಎಂದು ಕಡಿದು, ನುಂಗಿ, ಇನ್ನೊಂದು ಕೊಡ್ರಿ ಎಂದು ಕೈ ಚಾಚುತ್ತಿದ್ದಳು. ಪರೀಕ್ಷೆ ಪಾಸಾದರೆ ನಂಬಬೇಕಲ್ಲ? ಮಾಸ್ತರರು ನಂಬಲಿಲ್ಲ. "ಕಳ್ಳಿ, ನಿನ್ನೆ ತಿಂದಿ. ಹಲ್ಲಿಗೆ ಹಿಡದದ್ದು ಬಿಟ್ಟೈತಿ, ಗಂಟಲಕ್ಕ ಹಿಡದದ್ದು ಬಿಟ್ಟಿಲ್ಲ," ಎಂದು ಪಾಸಾದವಳಿಗೂ ಬೆತ್ತ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೆ, ನೋಡಿದ್ದು ಅಲ್ಲಿ.

ಮನೆಯಲ್ಲೂ ಅದೇ ಪಾಠ. ಅವ್ವ ಹುಣಸೆಹಣ್ಣಿನ ಗಡಿಗೆಯನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಇಡೀ ಮನೆ ಹುಳಿಯಿಲ್ಲದ ಸಪ್ಪನೆ ಸಾರು ಉಂಡಿತು. ಅಕ್ಕನಿಗೆ ಜ್ಯೇಷ್ಠಮಧು ನೆಕ್ಕಿಸಿದರು, ಮೆಣಸು ಬೆಲ್ಲ ತಿನ್ನಿಸಿದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅವಳ ಬಾಯಿ ಕಾಯುವ ಕೆಲಸ ನನಗೆ. ಎಲ್ಲಿಗೆ ಹೋದರೂ ಹಿಂದೆ ನಾನು. ಸಂಜೆ ಅಪ್ಪ ಕೇಳುತ್ತಿದ್ದ, ನಾನು "ತಿಂದಿಲ್ಲ" ಅನ್ನುತ್ತಿದ್ದೆ. "ಅಕ್ಕನ ಪರ ವಕೀಲಕಿ ಮಾಡ್ತೈತಿ," ಎಂದು ನನ್ನನ್ನೇ ಗದರುತ್ತಿದ್ದ. ಕೇಳುವುದು ಯಾಕೆ, ನಂಬದಿರುವುದು ಯಾಕೆ? ಹತ್ತು ವರ್ಷದವಳಿಗೆ ತಿಳಿಯದ ಈ ಸಂಗತಿ ನನಗೆ ಈಗಲೂ ತಿಳಿದಿಲ್ಲ.

ಶ್ರಾವಣದಲ್ಲಿ ನವಲಿಯ ಅಜ್ಜಿಗೆ ಜಡ್ಡಾಗಿ, ಅವ್ವ ಅಕ್ಕನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಎರಡು ರವಿವಾರ ತೊಟ್ಟಿಲ ಹತ್ತಿರ ಬೇರೆ ಹುಡುಗಿ ನಿಂತಳು. ಅಕ್ಕ ತಿರುಗಿ ಬಂದಾಗ ಕೆಮ್ಮು ಇರಲಿಲ್ಲ. ದನಿ ಮೊದಲಿನ ಹಾಗೆ, ಮೊದಲಿಗಿಂತ ಒಂದು ಕೈ ಮೇಲೆ. ಮಾಸ್ತರರು ಬೀಗಿದರು. "ನೋಡ್ರಿ ಸಾಹುಕಾರ್ರ, ಹುಣಸಿ ಬಿಟ್ಟಾಳ, ದನಿ ಬಂದೈತಿ!"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯ ಮನೆಯ ಹಿಂದೆಯೇ ಹುಣಸೆಮರ ಇತ್ತು. "ಅಲ್ರಿ ಮಾಸ್ತರ, ಅಲ್ಲಿ ದಿನಾ ಹುಣಸಿಕಾಯಿ ಉಪ್ಪಿನಾಗ ಎದ್ದಿ ತಿಂದೀನಿ. ತಿಂದ್ರೂ ದನಿ ಬಂದೈತಿ ನೋಡ್ರಿ," ಅಂದಳು.

ಪಡಸಾಲೆಯಲ್ಲಿ ಸಾಹುಕಾರರಿದ್ದರು, ಮಾಸ್ತರರಿದ್ದರು, ನಮ್ಮಪ್ಪನೂ ಏನೋ ಸಾಮಾನು ಇಳಿಸಲು ಬಂದವನು ಅಲ್ಲೇ ಇದ್ದ. ಮೂರು ಗಂಡಸರ ಕಿವಿಗೆ ಬಿದ್ದ ಮಾತು ಅದು. ಹುಣಸೆ ತಿಂದರೂ ದನಿ ಇತ್ತು, ತಿನ್ನದಿದ್ದಾಗ ಹೋಗಿತ್ತು, ಹಾಗಾದರೆ ಏನು ಎಂದು ಒಬ್ಬರಾದರೂ ಕೇಳಬೇಕಿತ್ತು. ಮಾಸ್ತರರು ಅವಳ ಕೆನ್ನೆಗೆ ಹೊಡೆದರು. ಹಿರಿಯರಿಗೆ ಎದುರಾಡುತ್ತೀಯಾ ಎಂದು ಅಪ್ಪ ಮನೆಗೆ ಕರೆತಂದು ಇನ್ನಷ್ಟು ಹೊಡೆದ. ಅವತ್ತಿನ ತನಕ ಅವಳ ಮೇಲಿದ್ದದ್ದು ಅನುಮಾನ. ಅವತ್ತಿನಿಂದ ಅವಳೇ ಒಪ್ಪಿಕೊಂಡ ಹಾಗಾಯಿತು. ಮುಂದೆ ಕೆಮ್ಮು ಬಂದಾಗಲೆಲ್ಲ, "ನವಲ್ಯಾಗ ತಿಂದದ್ದು ಈಗ ಕಾಡಾಕ ಹತ್ತೈತಿ," ಎಂದರು. ಅಕ್ಕ ಉತ್ತರ ಕೊಡುವುದನ್ನು ಬಿಟ್ಟಳು. ನನ್ನ ಹತ್ತಿರ ಮಾತ್ರ ಒಂದು ದಿನ ಅಂದಳು, "ಒಮ್ಮೊಮ್ಮೆ ನನಗ ನಿದ್ದಿಯಾಗ ಎದ್ದು ಹೋಗಿ ತಿಂತೀನೇನೋ ಅನಸ್ತೈತಿ." ನಾನು ನಕ್ಕೆ. ಅವಳು ನಗಲಿಲ್ಲ.

ದಸರೆ ಬಂತು. ಗವಾಯಿಗಳು ಬರುತ್ತಾರೆ, ತಹಸೀಲ್ದಾರರು ಬರುತ್ತಾರೆ ಎಂದು ಸಾಹುಕಾರರು ಅಜಬಖಾನೆಯನ್ನು ಒಂದು ವಾರ ಮುಚ್ಚಿಸಿದರು. ಹುಲಿಗೆ ಹೊಸ ಕಣ್ಣು ಬಂತು, ಪರದೆ ಒಗೆದರು. ದೊಡ್ಡವರೆದುರು ಒಂದು ಇರುವೆಯೂ ಕಾಣಬಾರದೆಂದು ಪುಡಿಯನ್ನು ಒಂದಕ್ಕೆರಡು ಪಾಲು ಹಾಕಿಸಿದರು. ನಾವು ದಿನಾ ಅದರೊಳಗೇ ಕೂತು ತಾಲೀಮು ಮಾಡಿದೆವು. ಅಕ್ಕ ಕಣ್ಣೀರು ಸುರಿಸುತ್ತ ಹಾಡುತ್ತಿದ್ದಳು. ಅದು ಅಳು ಅಲ್ಲ, ಕಣ್ಣು ಉರಿಯುತ್ತಿದ್ದವು. ಎಲ್ಲರ ಕಣ್ಣೂ ಉರಿಯುತ್ತಿದ್ದವು. ಮಾಸ್ತರರೂ ಕೆಮ್ಮುತ್ತಿದ್ದರು, ಅವರು ತಮ್ಮ ಕೆಮ್ಮಿಗೆ ಬೀಡಿಯನ್ನು ಬೈಯುತ್ತಿದ್ದರು.

ಆ ದಿನ ಅಕ್ಕ ಮಡಿಚಿಟ್ಟಿದ್ದ ಲಂಗ ಉಟ್ಟಳು. ಅವ್ವ ಅವಳ ಜಡೆಗೆ ಸೇವಂತಿಗೆ ಮುಡಿಸಿದಳು. ಪಡಸಾಲೆ ತುಂಬಿತ್ತು, ಹೆಂಗಸರು ಮಕ್ಕಳು ಬಾಗಿಲ ತನಕ ನಿಂತಿದ್ದರು. ಗವಾಯಿಗಳು ಮುಂದಿನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಹಿತ್ತಾಳೆ ತಟ್ಟೆಗೆ ಪೆಟ್ಟು ಬಿತ್ತು, ಪರದೆ ಸರಿಯಿತು. ಅಕ್ಕ ತೊಟ್ಟಿಲ ಮೇಲೆ ಬಾಗಿ ಮೊದಲ ಸಾಲು ಎತ್ತಿದಳು. ಗವಾಯಿಗಳು ಕಣ್ಣು ತೆರೆದು ನೆಟ್ಟಗೆ ಕೂತರು. ಅವರ ತಲೆ ಆಡಿದ್ದನ್ನು ನಾನು ನೋಡಿದೆ, ತಾಳ ಹಾಕುತ್ತ ನೋಡಿದೆ. ಆಯಿತು, ಅಕ್ಕ ಧಾರವಾಡಕ್ಕೆ ಹೋದಳು ಅಂದುಕೊಂಡೆ.

ಎರಡನೆಯ ಸಾಲಿಗೆ ಅವಳು ಉಸಿರು ಎಳೆದುಕೊಂಡಳು. ಬಾಗಿದಲ್ಲಿಂದಲೇ, ಆ ಕೌದಿಯ ಮೇಲಿಂದಲೇ ಎಳೆದುಕೊಂಡಳು. ಕೆಮ್ಮು ಬಂತು. ನುಂಗಲು ನೋಡಿದಳು, ಆಗಲಿಲ್ಲ. ಬೀಳಬಾರದೆಂದು ತೊಟ್ಟಿಲ ಅಂಚು ಹಿಡಿದಳು, ಅದು ಜೋರಾಗಿ ತೂಗಿ ಕೌದಿಯ ಪುಡಿಯೆಲ್ಲ ಎದ್ದಿತು. ಬಾಗಿಲಿಂದ ಬಂದ ಬಿಸಿಲಿನಲ್ಲಿ ಆ ಬಿಳಿ ಧೂಳು ಅವಳ ಮುಖದ ಸುತ್ತ ಸುತ್ತಿದ್ದನ್ನು ಅಷ್ಟೂ ಮಂದಿ ನೋಡಿದರು. ಗವಾಯಿಗಳು ಶಲ್ಯದಿಂದ ಮೂಗು ಮುಚ್ಚಿಕೊಂಡು, "ಒಳಗ ಧೂಳು ಭಾಳ ಐತಿ," ಎಂದರು. ಹೊರಗೆ ಕಟ್ಟೆಯ ಮೇಲೆ ಕೂಡಿಸಿ ಹಾಡಿಸ್ರಿ ಎಂದು ಅವರಾದರೂ ಅನ್ನಬಹುದಿತ್ತು. ಅನ್ನಲಿಲ್ಲ.

ಪರದೆ ಎಳೆದರು. ಅವ್ವ ಹಿಂದಿನಿಂದ ಬಂದು ಅಕ್ಕನನ್ನು ಎಬ್ಬಿಸಿಕೊಂಡು ಹೋದಳು. ಗಡಿಯಾರ ನಿಲ್ಲಬಾರದು, ದೊಡ್ಡವರು ಕೂತಿದ್ದಾರೆ. ಮಾಸ್ತರರು ನನ್ನ ರಟ್ಟೆ ಹಿಡಿದು ಪರದೆಯ ಮುಂದಕ್ಕೆ ತಂದು ನಿಲ್ಲಿಸಿದರು. ಅಲ್ಲಿ ತೊಟ್ಟಿಲು ಇರಲಿಲ್ಲ, ಗಾಳಿ ಬರುತ್ತಿತ್ತು. ಅಕ್ಕ ಬಿಟ್ಟ ಸಾಲಿನಿಂದ ಹಿಡಿದು ನಾನು ಹಾಡಿ ಮುಗಿಸಿದೆ. ಹೆದರಿಕೆಗೆ ಹಾಡಿದೆ. ಗವಾಯಿಗಳು ನನ್ನ ತಲೆ ಸವರಿ, "ಸಣ್ಣಾಕಿನ್ನ ಕಳಸ್ರಿ," ಎಂದರು.

ಗುಬ್ಬಿಗೂ ಕೋಗಿಲೆಗೂ ವ್ಯತ್ಯಾಸ ಗೊತ್ತಿದ್ದ ಕಿವಿ ಅವರದು, ಅವರಿಗೆ ಗೊತ್ತಿತ್ತು ಯಾರ ದನಿ ಏನು ಎಂದು. ಆದರೆ ಕೆಟ್ಟ ಗಂಟಲನ್ನು ಯಾರು ಕರೆದೊಯ್ಯುತ್ತಾರೆ? ಸಾಹುಕಾರರಿಗೂ ಯಾರೋ ಒಬ್ಬರನ್ನು ಕಳಿಸಿದರೆ ಆಯಿತು. ಅಪ್ಪ ಕೊಟ್ಟ ಮಾತೂ ಎರಡೂ ಕಡೆ ಉಳಿಯಿತು. ಸಣ್ಣವಳು ಧಾರವಾಡಕ್ಕೆ, ದೊಡ್ಡವಳು ತಾವರಗೇರಾಕ್ಕೆ. ಆ ವರ್ಷದ ಮಾಘದಲ್ಲಿ ಅಕ್ಕನ ಮದುವೆಯಾಯಿತು. ಅರಿಶಿಣ ಹಚ್ಚುವಾಗ ಹೆಂಗಸರು ಹಾಡು ಹೇಳುತ್ತಿದ್ದರು. "ನಿನ್ನ ಮದುವ್ಯಾಗ ನೀನ ಹಾಡ್ತಿದ್ದಿ, ಹುಣಸಿ ತಿಂದು ಕೆಡಿಸ್ಕೊಂಡಿ," ಎಂದು ಯಾರೋ ನಗಾಡಿದರು. ಅಕ್ಕ ತಲೆ ಬಗ್ಗಿಸಿದಳು. ನನಗೆ ಆಗ ಅವಳ ಮೇಲೂ ಸಿಟ್ಟು ಬಂತು, ಇಲ್ಲ ಅನ್ನಬಾರದೇನು ಎಂದು.

ಧಾರವಾಡದಲ್ಲಿ ಸಾಹುಕಾರರ ತಂಗಿಯ ಮನೆಯಲ್ಲಿ ಬೆಳೆದೆ. ಸಂಗೀತ ಬಂದಷ್ಟು ಬಂತು, ದೊಡ್ಡ ಹಾಡುಗಾರ್ತಿಯೇನೂ ಆಗಲಿಲ್ಲ. ಒಂದು ಬೇಸಿಗೆ ಆ ಮನೆಯಲ್ಲಿ ಜೋಳದ ಚೀಲಗಳಿಗೆ ಹುಳ ಹತ್ತದಿರಲೆಂದು ಪುಡಿ ಹಾಕುತ್ತಿದ್ದರು. ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಮನೆಯ ಯಜಮಾನರು ಓಡಿ ಬಂದು ನನ್ನನ್ನು ಹೊರಗೆಳೆದು, "ಅದು ವಿಷ ಐತಿ, ಅದರ ಗಾಳಿ ಕುಡದಿ ಅಂದ್ರ ಗಂಟಲ ಹೋದೀತು," ಎಂದು ಗದರಿದರು. ಅದೇ ಮುಗ್ಗಲು ವಾಸನೆ. ನಾನು ಅಂಗಳದಲ್ಲಿ ಕೂತುಬಿಟ್ಟೆ. ಕೂತಲ್ಲೇ ಎಲ್ಲ ತಿಳಿಯಿತು. ಸತ್ತ ಗುಬ್ಬಿ, ತೊಟ್ಟಿಲು, ನವಲಿಯ ಎರಡು ರವಿವಾರ, ಎಲ್ಲ.

ಆ ಹೊತ್ತಿಗೆ ಊರಿನ ಅಜಬಖಾನೆ ಮುಚ್ಚಿತ್ತು. ಸಾಹುಕಾರರ ಮಕ್ಕಳು ವಾಡೆಯನ್ನು ಗೋದಾಮು ಮಾಡಿದ್ದರು. ಮಾಸ್ತರರು ತೀರಿಕೊಂಡಿದ್ದರು. ಅವ್ವನಿಗೆ ಹೇಳಿದೆ. "ನಾ ತಲಿಗೂ ಹಚ್ಚಿದ್ದೆ," ಎಂದಳು. ಮತ್ತೆ ಆ ಮಾತು ಎತ್ತಬೇಡ ಎಂದಳು. ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿ ಏನು ಮಾಡುವುದು, ಹೋದ ದನಿ ಬರುತ್ತದೆಯೇ ಎಂದು ವರ್ಷಗಟ್ಟಲೆ ತಡೆದುಕೊಂಡೆ.

ಎಂಬತ್ತರ ದಶಕದ ಕೊನೆಗೆ ಅಕ್ಕನಿಗೆ ಬಹಳ ತಡವಾಗಿ ಒಂದು ಹೆಣ್ಣು ಕೂಸು ಹುಟ್ಟಿತು. ಆರು ತಿಂಗಳಾದ ಮೇಲೆ ನಾನು ತಾವರಗೇರಾಕ್ಕೆ ಹೋದೆ. ಮಾವ ಹೊಲಕ್ಕೆ ಹೋಗಿದ್ದ. ಅಕ್ಕ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಅವಳು ಮಾತಾಡಿದರೆ ಹತ್ತಿರ ಹೋಗಿ ಕೇಳಬೇಕು, ಅಷ್ಟು ಸಣ್ಣ, ಒರಟು ದನಿ. ಪಕ್ಕದ ಮನೆಯ ಹುಡುಗಿ ಒಂದು ಹಣ್ಣು ಎತ್ತಿ ಬಾಯಿಗೆ ಹಾಕಿಕೊಂಡಳು. ಅಕ್ಕ ಅವಳ ಕೈ ಹಿಡಿದು ಪಿಸುಗುಟ್ಟಿದಳು, "ತಿನಬ್ಯಾಡವಾ. ತಿಂದು ನಾ ದನಿ ಕಳ್ಕೊಂಡೀನಿ."

ಅಷ್ಟರಲ್ಲಿ ಒಳಗೆ ತೊಟ್ಟಿಲಲ್ಲಿ ಕೂಸು ಕೆಮ್ಮಿತು. ಸಣ್ಣ ಕೆಮ್ಮು. ನಾನು ಎತ್ತಿಕೊಳ್ಳಲು ಬಾಗಿದೆ. ಬಾಗಿದವಳು ಹಾಗೇ ನಿಂತೆ. ಕೌದಿ ಎತ್ತಿ ನೋಡಿದರೆ ಅಡಿಯಲ್ಲಿ ಬಿಳಿ ಪುಡಿ.

ಕೂಸನ್ನು ಕಸಿದುಕೊಂಡು ಅಂಗಳಕ್ಕೆ ಓಡಿ ಬಂದೆ. ಅಕ್ಕ ಗಾಬರಿಯಾಗಿ ಹಿಂದೆ ಬಂದಳು. "ಏನಾತ? ತಿಗಣಿ ಭಾಳ ಆಗಿದ್ವು, ಅದಕ್ಕ ಹಾಕೀನಿ. ಯಾಕ ಹಂಗ ಮಾಡ್ತಿ?"

ಹೇಳಿದೆ. ವರ್ಷಗಟ್ಟಲೆ ತಡೆದದ್ದನ್ನೆಲ್ಲ ಅಂಗಳದಲ್ಲಿ ನಿಂತು, ಕೂಸನ್ನು ಎದೆಗೆ ಅವುಚಿಕೊಂಡು, ಕೂಗಿ ಹೇಳಿದೆ. ಸಾಹುಕಾರರನ್ನು ಬೈದೆ, ಮಾಸ್ತರರನ್ನು ಬೈದೆ, ಅಪ್ಪನನ್ನೂ ಬೈದೆ. ಅಕ್ಕ ಕೇಳಿದಳು. ಕೇಳಿ ಒಳಗೆ ಹೋಗಿ ಕೌದಿ ತಂದು ತಿಪ್ಪೆಗೆ ಹಾಕಿದಳು, ತೊಟ್ಟಿಲನ್ನು ಹೊರಗೆ ಎಳೆದು ನೀರು ಸುರಿದು ತಿಕ್ಕಿ ತಿಕ್ಕಿ ತೊಳೆದಳು. ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ಅದರ ಮೂಗು, ಬಾಯಿ, ಬೆರಳ ಸಂದಿಗಳನ್ನೆಲ್ಲ ಸೆರಗಿನಿಂದ ಒರೆಸಿದಳು.

ಕೂಸು ಮಲಗಿತು. ಆಗ ನನ್ನ ಹತ್ತಿರ ಸರಿದು ಕೂತು, ಯಾರಿಗೂ ಕೇಳಿಸದ ಆ ದನಿಯಲ್ಲಿ ಕೇಳಿದಳು.

"ಹಂಗಾದ್ರ, ದಸರಾದಾಗ ನಾ ಹುಣಸಿ ತಿಂದಿದ್ದಿಲ್ಲ, ಹೌದಲ್ಲ?"

"ತಿಂದಿದ್ದಿಲ್ಲಕ್ಕ," ಅಂದೆ. "ನಾ ಕಾಯ್ತಿದ್ನಲ್ಲ, ನೀ ತಿಂದಿದ್ದಿಲ್ಲ."

"ನಿದ್ದಿಯಾಗೂ?"

"ನಿದ್ದಿಯಾಗೂ ಇಲ್ಲ."

ಅಕ್ಕ ತಲೆ ಆಡಿಸಿದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಬಾಯಿ ತೆರೆದಿತ್ತು, ಮೈ ಅಲುಗುತ್ತಿತ್ತು, ಆದರೆ ಸದ್ದು ಬರಲಿಲ್ಲ. ಮಗ್ಗುಲಲ್ಲಿ ಮಲಗಿದ್ದ ಕೂಸಿಗೆ ಎಚ್ಚರವೂ ಆಗಲಿಲ್ಲ.